ಮಿಕ್ಸರ್‌ನ ಒಂದು ಚಾನಲ್: ಮೇಲಿನ ಸಾಕೆಟ್‌ನಿಂದ ಕೆಳಗಿನ ಫೇಡರ್‌ವರೆಗೆ

ಹಲವು ಮೈಕ್, ವಾದ್ಯಗಳ ದನಿ ಕೂಡಿಸಿ ಸ್ಪೀಕರ್‌ಗೆ ಕಳಿಸುವ ಯಂತ್ರವೇ ಮಿಕ್ಸರ್. ಅದರ ಮುಂದೆ ಮೊದಲ ಸಲ ಕೂತವರ ಕಣ್ಣಿಗೆ ಬೀಳುವುದು ನೂರಾರು ನಾಬುಗಳು. ಸ್ವಲ್ಪ ಹೊತ್ತು ಸುಮ್ಮನೆ ನೋಡಿ. 24 ಚಾನಲ್‌ಗಳ ಮಿಕ್ಸರ್ ಎಂದರೆ ಒಂದೇ ಉದ್ದನೆಯ ಪಟ್ಟಿ 24 ಸಲ ಅಕ್ಕಪಕ್ಕ ಕೂತಿದೆ, ಅಷ್ಟೇ. ಒಂದು ಪಟ್ಟಿ ಚೆನ್ನಾಗಿ ತಿಳಿದರೆ ಉಳಿದ 23 ತಾನಾಗಿ ತಿಳಿದಂತೆ.

ಆದರೆ ತಿಳಿಯುವುದು ಎಂದರೆ ಯಾವ ನಾಬಿನ ಹೆಸರೇನು ಎಂದು ಬಾಯಿಪಾಠ ಮಾಡುವುದಲ್ಲ. ದನಿ ಯಾವ ದಾರಿಯಲ್ಲಿ ಹರಿಯುತ್ತದೆ, ನಿಮ್ಮ ಕೈಯಲ್ಲಿರುವ ನಾಬು ಆ ದಾರಿಯ ಯಾವ ಜಾಗದಲ್ಲಿದೆ ಎಂಬುದು ಗೊತ್ತಿರಬೇಕು. ಕಾಲುವೆಯ ತಲೆಯಲ್ಲಿ ಕಲಕಿದ ನೀರು ಕೊನೆಯ ಗದ್ದೆಗೂ ಕಲಕಿಯೇ ಬರುತ್ತದೆ. ಚಾನಲ್‌ನಲ್ಲೂ ಅಷ್ಟೇ: ಮೇಲೆ ಮಾಡಿದ ತಪ್ಪನ್ನು ಕೆಳಗೆ ತಿದ್ದಲು ಬರುವುದಿಲ್ಲ.

ಇಲ್ಲಿ ಒಬ್ಬ ಗಾಯಕಿಯ ಮೈಕನ್ನು 1ನೇ ಚಾನಲ್‌ಗೆ ಹಾಕಿ, ಅದರ ದನಿ ಸ್ಪೀಕರ್ ತಲುಪುವವರೆಗೆ ಹಿಂಬಾಲಿಸೋಣ. ವಿವರಗಳು ಅನಲಾಗ್ ಮಿಕ್ಸರ್‌ಗೆ ಹೊಂದುವಂತಿವೆ. ಡಿಜಿಟಲ್ ಮಿಕ್ಸರ್‌ನಲ್ಲೂ ದಾರಿ ಹೆಚ್ಚುಕಡಿಮೆ ಇದೇ, ನಾಬುಗಳು ಮಾತ್ರ ಪರದೆಯೊಳಗೆ ಸೇರಿಕೊಂಡಿರುತ್ತವೆ.

ಒಂದು ಎಚ್ಚರಿಕೆ. ಪಟ್ಟಿಯ ಮೇಲೆ ನಾಬುಗಳು ಕೂತಿರುವ ಸಾಲೂ ಒಳಗೆ ದನಿ ಹರಿಯುವ ಸಾಲೂ ಪೂರ್ತಿ ಒಂದೇ ಅಲ್ಲ. ದನಿಯನ್ನು ಎಡಬಲಕ್ಕೆ ಹಂಚುವ ಪ್ಯಾನ್ ನಾಬು, ಮೇಲೆ ಕೆಳಗೆ ಸರಿಸುವ ಫೇಡರ್‌ಗಿಂತ ಮೇಲೆ ಕೂತಿದ್ದರೂ ದನಿ ಅಲ್ಲಿಗೆ ಬರುವುದು ಫೇಡರ್ ದಾಟಿದ ಮೇಲೆ. ನಿಮ್ಮ ಮಿಕ್ಸರ್‌ನ ಕೈಪಿಡಿಯ ಕೊನೆಯ ಪುಟಗಳಲ್ಲಿ ಸಾಮಾನ್ಯವಾಗಿ ದನಿ ಹರಿಯುವ ದಾರಿ ತೋರಿಸುವ ಒಂದು ಬ್ಲಾಕ್ ಡಯಾಗ್ರಾಂ ಇರುತ್ತದೆ. ಇಡೀ ಕೈಪಿಡಿಯಲ್ಲಿ ಒಂದೇ ಪುಟ ಓದುವುದಿದ್ದರೆ ಅದನ್ನೇ ಓದಿ.

ಮೊದಲು ಎಲ್ಲವನ್ನೂ ಸೊನ್ನೆಗೆ ತನ್ನಿ

ಹಿಂದಿನವರು ಬಿಟ್ಟುಹೋದ ಸೆಟ್ಟಿಂಗ್ ಮೇಲೆ ಕೆಲಸ ಶುರುಮಾಡಬೇಡಿ. ಯಾರೋ ಪೂರ್ತಿ ಏರಿಸಿದ್ದ ಒಂದು ಆಕ್ಸ್ (ದನಿಯ ಪ್ರತಿಯನ್ನು ಬೇರೆ ಕಡೆ ಕಳಿಸುವ ನಾಬು), ಯಾರೋ ಒತ್ತಿದ್ದ ಒಂದು ಬಟನ್, ಇಷ್ಟೇ ಸಾಕು ಅರ್ಧ ಗಂಟೆ ಹುಡುಕಾಡಲು.

1. ಎಲ್ಲ ಫೇಡರ್‌ಗಳನ್ನು, ಮುಖ್ಯ ಫೇಡರ್ ಸೇರಿ, ಪೂರ್ತಿ ಕೆಳಗೆ ಎಳೆಯಿರಿ.
2. ಗೇನ್ ನಾಬುಗಳನ್ನು ಎಡಕ್ಕೆ ಕೊನೆಯವರೆಗೆ ತಿರುಗಿಸಿ.
3. ಇಕ್ಯೂನ (ಬೇಸ್, ಟ್ರೆಬಲ್ ಹದಮಾಡುವ ಭಾಗ) ಏರಿಸುವ–ಇಳಿಸುವ ನಾಬುಗಳನ್ನು ನಟ್ಟನಡುವೆ, 12 ಗಂಟೆಯ ಮುಳ್ಳಿನಂತೆ ನಿಲ್ಲಿಸಿ. ಹೆಚ್ಚಿನವುಗಳಲ್ಲಿ ನಡುವೆ ಬಂದಾಗ ಬೆರಳಿಗೆ ಸಣ್ಣ ‘ಟಕ್’ ತಿಳಿಯುತ್ತದೆ.
4. ಆಕ್ಸ್‌ಗಳೆಲ್ಲ ಸೊನ್ನೆ, ಪ್ಯಾನ್ ನಡುವೆ, ಮ್ಯೂಟ್ ಆನ್.
5. ಪ್ಯಾಡ್, ಪೊಲಾರಿಟಿ, ಪಿಎಫ್‌ಎಲ್, 48 ವೋಲ್ಟ್ ಬಟನ್‌ಗಳೆಲ್ಲ ಮೇಲಕ್ಕೆ, ಅಂದರೆ ಆಫ್. ಇವೆಲ್ಲದರ ಕೆಲಸ ಏನು ಎಂಬುದು ಮುಂದೆ ಬರುತ್ತದೆ.

ಇನ್ನು ವಿದ್ಯುತ್ತು. ಮೊದಲು ಮಿಕ್ಸರ್, ಎಲ್ಲಕ್ಕಿಂತ ಕೊನೆಗೆ ಆಂಪ್ಲಿಫೈಯರ್ ಅಥವಾ ಪವರ್ಡ್ (ಒಳಗೇ ಆಂಪ್ಲಿಫೈಯರ್ ಇರುವ) ಸ್ಪೀಕರ್ ಆನ್ ಮಾಡಿ. ಆಫ್ ಮಾಡುವಾಗ ಇದರ ತಿರುಗುಮುರುಗು: ಆಂಪ್ಲಿಫೈಯರ್ ಮೊದಲು. ಈ ಕ್ರಮ ತಪ್ಪಿದರೆ ಮಿಕ್ಸರ್ ಆನ್ ಆಗುವಾಗಿನ ‘ಧಡ್’ ನೇರ ಸ್ಪೀಕರ್‌ಗೆ ಬಡಿಯುತ್ತದೆ.

ಸಾಕೆಟ್ ಮತ್ತು 48 ವೋಲ್ಟ್

ಚಾನಲ್‌ನ ತಲೆಯಲ್ಲಿ ಸಾಮಾನ್ಯವಾಗಿ ಎರಡು ಸಾಕೆಟ್: ಮೂರು ತೂತಿನ ಎಕ್ಸ್‌ಎಲ್‌ಆರ್, ಕಾಲಿಂಚಿನ ಜ್ಯಾಕ್. ಎಕ್ಸ್‌ಎಲ್‌ಆರ್ ಮೈಕ್‌ಗೆ. ಜ್ಯಾಕ್ ಇರುವುದು ಕೀಬೋರ್ಡ್, ಲ್ಯಾಪ್‌ಟಾಪ್‌ನಂಥ ಲೈನ್ ಮಟ್ಟದ ಸಿಗ್ನಲ್‌ಗೆ. ಎರಡರ ಬಲದಲ್ಲಿ ಅಜಗಜಾಂತರ. ಮೈಕ್‌ನಿಂದ ಬರುವುದು ಕೆಲವೇ ಮಿಲಿವೋಲ್ಟ್. ವೃತ್ತಿಪರ ಲೈನ್ ಮಟ್ಟ ಪ್ಲಸ್ 4 ಡಿಬಿಯು (ಸಿಗ್ನಲ್‌ನ ವೋಲ್ಟೇಜ್ ಅಳೆಯುವ ಡೆಸಿಬಲ್ ಲೆಕ್ಕ), ಅಂದರೆ 1.23 ವೋಲ್ಟ್. ಅದಕ್ಕೇ ಕೀಬೋರ್ಡನ್ನು ಮೈಕ್ ಸಾಕೆಟ್‌ಗೆ ನೇರ ಹಾಕಿದರೆ ದನಿ ಒಡೆಯುತ್ತದೆ, ಮೈಕನ್ನು ಲೈನ್ ಸಾಕೆಟ್‌ಗೆ ಹಾಕಿದರೆ ಪಿಸುಮಾತಿನಷ್ಟೂ ಕೇಳಿಸುವುದಿಲ್ಲ. ಗಿಟಾರ್‌ನ ಪಿಕಪ್ ಎರಡಕ್ಕೂ ಹೊಂದದು. ಅದಕ್ಕೆ ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನು ಮೈಕ್ ಸಾಕೆಟ್‌ಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಹಾಕಿ ಮೈಕ್ ಸಾಕೆಟ್‌ಗೆ ತರಬೇಕು.

ಲ್ಯಾಪ್‌ಟಾಪ್ ಜೋಡಿಸುವಾಗ ಪದೇಪದೇ ನಡೆಯುವ ಒಂದು ತಪ್ಪಿದೆ. ಹೆಡ್‌ಫೋನ್ ಔಟ್‌ಪುಟ್‌ನಿಂದ ಸ್ಟೀರಿಯೊ ಕೇಬಲ್ ತಂದು ಒಂದೇ ಚಾನಲ್‌ನ ಜ್ಯಾಕ್‌ಗೆ ಚುಚ್ಚುತ್ತಾರೆ. ಆ ಜ್ಯಾಕ್ ಬ್ಯಾಲೆನ್ಸ್ಡ್. ತುದಿಗೆ ಬಂದದ್ದರಿಂದ ನಡುವಿನ ಉಂಗುರಕ್ಕೆ ಬಂದದ್ದನ್ನು ಕಳೆಯುವುದೇ ಅದರ ಕೆಲಸ. ಸ್ಟೀರಿಯೊ ಹಾಡಿನಲ್ಲಿ ಹಾಡುವವರ ದನಿ ಎಡಬಲ ಎರಡರಲ್ಲೂ ಸಮನಾಗಿರುತ್ತದೆ, ಕಳೆದಾಗ ಅದೇ ಮಾಯವಾಗುತ್ತದೆ. ಉಳಿಯುವುದು ಟೊಳ್ಳು ಟೊಳ್ಳಾದ ವಾದ್ಯಗಳು, ಅಷ್ಟು ಮಾರ್ದನಿ. ‘ಟ್ರ್ಯಾಕ್‌ನಲ್ಲಿ ಹಾಡೇ ಕೇಳಿಸುತ್ತಿಲ್ಲ’ ಎಂದು ಯಾರಾದರೂ ಹೇಳಿದರೆ ಮೊದಲು ಕೇಬಲ್ ನೋಡಿ. ಒಂದು ತುದಿ ಸ್ಟೀರಿಯೊ, ಇನ್ನೊಂದು ತುದಿಯಲ್ಲಿ ಎರಡು ಮೋನೊ ಜ್ಯಾಕ್ ಇರುವ ಕವಲು ಕೇಬಲ್ ಬೇಕು, ಎರಡು ಚಾನಲ್‌ಗೆ ಹಾಕಬೇಕು.

48 ವೋಲ್ಟ್ ಅಥವಾ ಫ್ಯಾಂಟಮ್ ಬಟನ್ ಕಂಡೆನ್ಸರ್ ಮೈಕ್‌ಗಳಿಗೂ ಆಕ್ಟಿವ್ ಡಿಐ ಬಾಕ್ಸ್‌ಗಳಿಗೂ ಬೇಕಾದ ವಿದ್ಯುತ್ತನ್ನು ಅದೇ ಮೈಕ್ ಕೇಬಲ್‌ನಲ್ಲಿ ಕಳಿಸುತ್ತದೆ. ಅದು 2 ಮತ್ತು 3ನೇ ಪಿನ್‌ಗಳಿಗೆ ಸಮನಾಗಿ ಹೋಗುವುದರಿಂದ ಇಂಥ ವಿದ್ಯುತ್ತು ಬೇಡದ ಸಾಮಾನ್ಯ ಡೈನಮಿಕ್ ಮೈಕ್‌ಗೆ ತೊಂದರೆ ಇಲ್ಲ. ನಮ್ಮ ಗಾಯಕಿಯದು ಡೈನಮಿಕ್ ಮೈಕ್ ಆದರೆ ಈ ಬಟನ್ ಬೇಡವೇ ಬೇಡ. ತೆಳು ಲೋಹದ ಪಟ್ಟಿಯಿಂದ ದನಿ ಹಿಡಿಯುವ ಹಳೆಯ ರಿಬ್ಬನ್ ಮೈಕ್ ಇದ್ದರೆ ಮಾತ್ರ ಜೋಪಾನ, ಕೇಬಲ್‌ನಲ್ಲಿ ಒಂದು ತಂತಿ ಕಡಿದಿದ್ದರೂ ರಿಬ್ಬನ್ ಹಾಳಾಗಬಹುದು. ಫ್ಯಾಂಟಮ್ ಆನ್ ಅಥವಾ ಆಫ್ ಮಾಡುವಾಗ, ಕೇಬಲ್ ಕೀಳುವಾಗ, ಚಾನಲ್ ಮ್ಯೂಟ್‌ನಲ್ಲಿರಲಿ. ಆಫ್ ಮಾಡಿದ ಮೇಲೂ ಹತ್ತಿಪ್ಪತ್ತು ಸೆಕೆಂಡ್ ಕಾಯಿರಿ. ಒಳಗಿನ ಚಾರ್ಜ್ ಇಳಿಯಲು ಅಷ್ಟು ಹೊತ್ತು ಬೇಕು. ಚಿಕ್ಕ ಮಿಕ್ಸರ್‌ಗಳಲ್ಲಿ ಎಲ್ಲ ಚಾನಲ್‌ಗಳಿಗೂ ಸೇರಿ ಒಂದೇ ಫ್ಯಾಂಟಮ್ ಬಟನ್ ಇರುತ್ತದೆ ಎಂಬುದೂ ನೆನಪಿರಲಿ.

ಗೇನ್: ಅರ್ಧ ಕೆಲಸ ಇಲ್ಲೇ

ಗೇನ್ ಎಂದರೆ ವಾಲ್ಯೂಮ್ ಅಲ್ಲ. ಇಲ್ಲಿ ಎಡವಿದವರು ಮುಂದೆ ಎಲ್ಲೆಡೆ ಎಡವುತ್ತಾರೆ. ಮೈಕ್‌ನ ಬಡಪಾಯಿ ಸಿಗ್ನಲ್ಲನ್ನು ಮಿಕ್ಸರ್ ಒಳಗೆ ಓಡಾಡುವ ಮಟ್ಟಕ್ಕೆ ತರುವುದು ಗೇನ್‌ನ ಕೆಲಸ. ಜನರ ಕಿವಿಗೆ ಎಷ್ಟು ಹೋಗಬೇಕು ಎಂದು ತೀರ್ಮಾನಿಸುವುದು ಫೇಡರ್.

ಲೆಕ್ಕ ಹೀಗಿದೆ. ಹತ್ತಿರದಿಂದ ಹಾಡಿದಾಗ ಡೈನಮಿಕ್ ಮೈಕ್‌ನಿಂದ ಮೈನಸ್ 45 ಡಿಬಿಯು ಆಸುಪಾಸಿನ ಸಿಗ್ನಲ್ ಬರುತ್ತಿದೆ ಎನ್ನಿ. ಗೇನ್ 45 ಡೆಸಿಬಲ್ ಕೊಟ್ಟರೆ ಅದು ಮಿಕ್ಸರ್ ಒಳಗೆ 0 ಡಿಬಿಯು ಆಗುತ್ತದೆ. ಅಲ್ಲಿಂದ ಮೇಲೆ, ಸಿಗ್ನಲ್ ಒಡೆಯುವ ಮಟ್ಟದವರೆಗೆ, ಸುಮಾರು 20 ಡೆಸಿಬಲ್ ಜಾಗ ಉಳಿಯುತ್ತದೆ. ಗಾಯಕಿ ತಾರಸ್ಥಾಯಿಗೆ ಹೋದಾಗ ಆ ಜಾಗವೇ ಕಾಯುವುದು.

ಗೇನ್ ತೀರಾ ಕಡಿಮೆ ಇಟ್ಟರೇನು? 45 ಬೇಕಿದ್ದಲ್ಲಿ 25 ಕೊಟ್ಟಿರಿ ಎಂದುಕೊಳ್ಳಿ. ಕೊರತೆ ಬಿದ್ದ 20 ಡೆಸಿಬಲ್ಲನ್ನು ಚಾನಲ್ ಫೇಡರ್, ಮುಖ್ಯ ಫೇಡರ್, ಆಂಪ್ಲಿಫೈಯರ್ ಏರಿಸಿ ತುಂಬಿಸಬೇಕು. ಆಗ ಗೇನ್ ಆದ ಮೇಲಿನ ಎಲ್ಲ ಹಂತಗಳ ಸುಯ್ ಎನ್ನುವ ಸದ್ದೂ ಜೊತೆಗೇ 20 ಡೆಸಿಬಲ್ ಏರುತ್ತದೆ. ಹಾಡಿನ ನಡುವಿನ ಮೌನದಲ್ಲಿ ಸ್ಪೀಕರ್‌ನಿಂದ ಮಳೆ ಹನಿದಂತೆ ಕೇಳುವುದು ಇದೇ. ಗೇನ್ ತೀರಾ ಹೆಚ್ಚಿಟ್ಟರೆ ಸಿಗ್ನಲ್ ಮೊದಲ ಹಂತದಲ್ಲೇ ಒಡೆಯುತ್ತದೆ. ಫೇಡರ್ ಇಳಿಸಿದರೆ ಒಡೆದ ದನಿ ಸಣ್ಣದಾಗುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ.

ಸೆಟ್ ಮಾಡುವ ಬಗೆ:

1. ಚಾನಲ್ ಫೇಡರ್ ಕೆಳಗೇ ಇರಲಿ. ಆ ಚಾನಲ್‌ನ ಪಿಎಫ್‌ಎಲ್ (ಪ್ರೀ ಫೇಡರ್ ಲಿಸನ್, ಅಂದರೆ ಫೇಡರ್‌ಗಿಂತ ಮೊದಲಿನ ದನಿ ಕೇಳಿಸುವ) ಬಟನ್ ಒತ್ತಿ. ಹೆಚ್ಚಿನ ಮಿಕ್ಸರ್‌ಗಳಲ್ಲಿ ಈಗ ಮುಖ್ಯ ಮೀಟರ್ ಈ ಒಂದು ಚಾನಲ್ಲನ್ನು ಮಾತ್ರ ತೋರಿಸುತ್ತದೆ, ಹೆಡ್‌ಫೋನ್‌ನಲ್ಲೂ ಅದೊಂದೇ ಕೇಳುತ್ತದೆ.
2. ಗಾಯಕಿಗೆ ‘ಹಲೋ ಹಲೋ, ಚೆಕ್’ ಎನ್ನಲು ಹೇಳಬೇಡಿ. ಕಾರ್ಯಕ್ರಮದ ಅತಿ ಏರುದನಿಯ ಸಾಲನ್ನು, ಹಾಡುವಷ್ಟೇ ಹತ್ತಿರದಿಂದ, ಪೂರ್ತಿ ಹಾಡಲು ಹೇಳಿ.
3. ಗೇನನ್ನು ನಿಧಾನವಾಗಿ ಏರಿಸಿ. ಮೀಟರ್ ಸಾಮಾನ್ಯವಾಗಿ 0 ಸುತ್ತ ಆಡುತ್ತ, ಆಗೊಮ್ಮೆ ಈಗೊಮ್ಮೆ ಪ್ಲಸ್ 6 ಮುಟ್ಟಿದರೆ ನಿಲ್ಲಿಸಿ.
4. ಪೀಕ್ ಎಂಬ ಕೆಂಪು ದೀಪ ಮಿನುಗಿದರೆ ಸ್ವಲ್ಪ ಇಳಿಸಿ. ಗೇನ್ ಕೊನೆಗೆ ಇಳಿಸಿದರೂ ಮಿನುಗುತ್ತಿದ್ದರೆ ಪ್ಯಾಡ್ ಒತ್ತಿ. ಅದು ಸಾಮಾನ್ಯವಾಗಿ 20 ಡೆಸಿಬಲ್ ಕಳೆಯುತ್ತದೆ.
5. ಈಗ ಬಂದ ಜಾಗದಿಂದ ಇನ್ನೂ 3ರಿಂದ 6 ಡೆಸಿಬಲ್ ಹಿಂದಕ್ಕೆ ತನ್ನಿ. ಜನ ತುಂಬಿದ ಮೇಲೆ ಎಲ್ಲರೂ ತಾಲೀಮಿಗಿಂತ ಜೋರಾಗಿಯೇ ಹಾಡುತ್ತಾರೆ, ನುಡಿಸುತ್ತಾರೆ.
6. ಪಿಎಫ್‌ಎಲ್ ಬಟನ್ ಮೇಲೆತ್ತಿ.

ಡಿಜಿಟಲ್ ಮಿಕ್ಸರ್‌ನ ಮೀಟರ್ ಬೇರೆ ಲೆಕ್ಕದ್ದು. ಅಲ್ಲಿ 0 ಎಂದರೆ ಚಾವಣಿ, ಅದರ ಮೇಲೆ ಏನೂ ಇಲ್ಲ. ಸರಾಸರಿ ಮೈನಸ್ 18 ಸುತ್ತ, ಏರುದನಿ ಮೈನಸ್ 10ರಿಂದ ಮೈನಸ್ 6ರ ಒಳಗೆ ಇರಲಿ.

ಗೇನ್ ಒಮ್ಮೆ ಕೂಡಿಸಿದ ಮೇಲೆ ಕಾರ್ಯಕ್ರಮದ ನಡುವೆ ಅದನ್ನು ಮುಟ್ಟದಿರಿ. ಅದು ದಾರಿಯ ತಲೆಯಲ್ಲಿದೆ. ಅಲ್ಲಿ 4 ಡೆಸಿಬಲ್ ಏರಿಸಿದರೆ ಜನರಿಗೆ ಮಾತ್ರವಲ್ಲ, ಗಾಯಕಿಯ ಮಾನಿಟರ್‌ಗೂ (ವೇದಿಕೆಯಲ್ಲಿ ತನ್ನ ದನಿ ಕೇಳಿಸಿಕೊಳ್ಳುವ ಸ್ಪೀಕರ್) ಧ್ವನಿಮುದ್ರಣಕ್ಕೂ ಎಕೋ ಯಂತ್ರಕ್ಕೂ 4 ಡೆಸಿಬಲ್ ಏರುತ್ತದೆ. ಅಂಚಿನಲ್ಲಿದ್ದ ಮಾನಿಟರ್ ಊಳಿಡಲು ಅಷ್ಟು ಸಾಕು.

ಲೋ ಕಟ್, ಪೊಲಾರಿಟಿ, ಇನ್ಸರ್ಟ್

ಲೋ ಕಟ್ ಅಥವಾ ಹೈಪಾಸ್ ಎಂದು ಬರೆದ ಬಟನ್, 75, 80 ಅಥವಾ 100 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಕಡಿದು ಹಾಕುತ್ತದೆ. ಹಾಡುವ ಮೈಕ್‌ಗಳಲ್ಲಿ ಇದನ್ನು ಒತ್ತಿಯೇ ಬಿಡಿ. ಹೆಣ್ಣುದನಿಯ ಕೆಳಗಿನ ಸ್ವರಗಳೂ ಸಾಮಾನ್ಯವಾಗಿ 150 ಹರ್ಟ್ಸ್‌ಗಿಂತ ಮೇಲೇ ಇರುತ್ತವೆ. ಹಾಗಾಗಿ ಕಡಿದುಹೋಗುವುದು ಹಾಡಲ್ಲ. ವೇದಿಕೆಯ ಹಲಗೆಯ ಹೆಜ್ಜೆ ಸದ್ದು, ಮೈಕ್ ಹಿಡಿದ ಕೈಯ ಗರಬರ, ಗಾಳಿ, ‘ಪ’ ‘ಬ’ಗಳ ಪಟಾರ್. ಮೈಕನ್ನು ತುಟಿಗೆ ತಾಗಿಸಿ ಹಾಡಿದಾಗ ಬೇಸ್ ವಿಪರೀತ ಉಬ್ಬುತ್ತದೆ. ಒಂದೇ ದಿಕ್ಕಿನಿಂದ ಕೇಳುವ ಮೈಕ್‌ಗಳ ಹುಟ್ಟುಗುಣ ಅದು. ಅದನ್ನೂ ಈ ಬಟನ್ ಒಂದಿಷ್ಟು ಹದಕ್ಕೆ ತರುತ್ತದೆ. ಬೇಸ್ ಗಿಟಾರ್, ಕಿಕ್ ಡ್ರಮ್, ಕೀಬೋರ್ಡ್ ಚಾನಲ್‌ಗಳಲ್ಲಿ ಒತ್ತಬೇಡಿ.

ಸೊನ್ನೆಗೆ ಅಡ್ಡಗೆರೆ ಎಳೆದ ಗುರುತು ಪೊಲಾರಿಟಿಯದು. ಅದು ಸಿಗ್ನಲ್ಲನ್ನು ತಲೆಕೆಳಗು ಮಾಡುತ್ತದೆ. ಒಂಟಿ ಮೈಕ್‌ಗೆ ಇದರಿಂದ ಪ್ರಯೋಜನ ಇಲ್ಲ ಎನ್ನಬಹುದು. ಒಂದೇ ವಾದ್ಯಕ್ಕೆ ಎರಡು ಮೈಕ್ ಇಟ್ಟಾಗ, ಅದರಲ್ಲೂ ಚರ್ಮದ ಮೇಲೊಂದು ಕೆಳಗೊಂದು ಇಟ್ಟಾಗ ಬೇಕಾಗುತ್ತದೆ. ಮೇಲಿಂದ ಬಡಿದಾಗ ಚರ್ಮ ಒಂದು ಮೈಕ್‌ನಿಂದ ದೂರ ಸರಿಯುತ್ತದೆ, ಇನ್ನೊಂದರತ್ತ ಬರುತ್ತದೆ. ಎರಡೂ ಕೂಡಿದಾಗ ಒಂದನ್ನೊಂದು ನುಂಗಿ ದನಿ ತೆಳ್ಳಗಾಗುತ್ತದೆ. ಎರಡನ್ನೂ ಸಮ ಏರಿಸಿ ಕೆಳಗಿನ ಮೈಕ್‌ನ ಬಟನ್ ಒತ್ತಿ, ಬಿಡಿ. ಯಾವುದರಲ್ಲಿ ಬೇಸ್ ತುಂಬಿಕೊಂಡು ಕೇಳುತ್ತದೋ ಅದೇ ಸರಿ.

ಇನ್ಸರ್ಟ್ ಸಾಕೆಟ್‌ನಲ್ಲಿ ದನಿ ಹೊರಗೆ ಹೋಗಿ ಕಂಪ್ರೆಸರ್‌ನಂಥ (ದನಿಯ ಏರಿಳಿತ ತಗ್ಗಿಸುವ) ಯಂತ್ರ ಹೊಕ್ಕು ಅದೇ ಜಾಗಕ್ಕೆ ವಾಪಸ್ ಬರುತ್ತದೆ. ಹೆಚ್ಚಿನವುಗಳಲ್ಲಿ ಜ್ಯಾಕ್‌ನ ತುದಿ ಕಳಿಸುವುದು, ಉಂಗುರ ಮರಳಿ ತರುವುದು. ಇದರಲ್ಲಿ ಸಾಮಾನ್ಯ ಕೇಬಲ್ ಪೂರ್ತಿ ಚುಚ್ಚಿದರೆ ಕಳಿಸಿದ್ದು ಮರಳಿ ಬಾರದೆ ಚಾನಲ್ ಸತ್ತಂತಾಗುತ್ತದೆ.

ಇಕ್ಯೂ

ಸಾಧಾರಣ ಮಿಕ್ಸರ್‌ನಲ್ಲಿ ಮೂರು ಭಾಗ. ಮೇಲೆ ಟ್ರೆಬಲ್, 10 ಅಥವಾ 12 ಕಿಲೋಹರ್ಟ್ಸ್. ಕೆಳಗೆ ಬೇಸ್, 80 ಅಥವಾ 100 ಹರ್ಟ್ಸ್. ನಡುವೆ ಮಿಡ್, ಇದಕ್ಕೆ ಎರಡು ನಾಬು: ಒಂದು ಎಲ್ಲಿ ಎಂದು ಆರಿಸಲು, ಇನ್ನೊಂದು ಎಷ್ಟು ಏರಿಸಲಿ ಅಥವಾ ಇಳಿಸಲಿ ಎಂದು ಹೇಳಲು. ಏರಿಳಿತ ಸಾಮಾನ್ಯವಾಗಿ ಪ್ಲಸ್ 15, ಮೈನಸ್ 15 ಡೆಸಿಬಲ್. ಟ್ರೆಬಲ್, ಬೇಸ್ ಎರಡೂ ಶೆಲ್ಫ್ ಆಕಾರದವು, ಅಂದರೆ ಗೆರೆಯ ಆಚೆಗಿರುವುದೆಲ್ಲ ಒಟ್ಟಾಗಿ ಏಳುತ್ತದೆ, ಬೀಳುತ್ತದೆ. ಮಿಡ್ ಗುಡ್ಡದ ಆಕಾರ. ಆರಿಸಿದ ಜಾಗದ ಸುತ್ತಮುತ್ತ ಮಾತ್ರ.

ಮನುಷ್ಯರ ದನಿಯಲ್ಲಿ ಎಲ್ಲಿ ಏನಿದೆ ಎಂಬುದು ಕಿವಿಯಲ್ಲಿ ಕೂತರೆ ಇಕ್ಯೂ ಅರ್ಧ ಬಂದಂತೆ. 200ರಿಂದ 400 ಹರ್ಟ್ಸ್ ನಡುವೆ ಮಂದ, ಡಬ್ಬಿಯೊಳಗಿಂದ ಮಾತಾಡಿದಂಥ ಗುಣ. 800ರಿಂದ 1,200ರ ಸುತ್ತ ಮೂಗಿನ ದನಿ. 2ರಿಂದ 4 ಕಿಲೋಹರ್ಟ್ಸ್‌ನಲ್ಲಿ ಅಕ್ಷರಗಳ ಸ್ಪಷ್ಟತೆ. ಇದೇ ಜಾಗ ಅತಿಯಾದರೆ ಕಿವಿ ಚುಚ್ಚುತ್ತದೆ, ಏಕೆಂದರೆ ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವುದೂ ಅಲ್ಲೇ. 5ರಿಂದ 8 ಕಿಲೋಹರ್ಟ್ಸ್‌ನಲ್ಲಿ ‘ಸ’ ‘ಶ’ಗಳ ಸೀಟಿ. ಅದರ ಮೇಲೆ ಉಸಿರಿನ ನವಿರು.

ತೊಂದರೆಯ ಜಾಗ ಹುಡುಕುವ ಉಪಾಯ ಒಂದಿದೆ. ಹೆಡ್‌ಫೋನ್ ಹಾಕಿ, ಪಿಎಫ್‌ಎಲ್ ಒತ್ತಿ, ಫೇಡರ್ ಕೆಳಗಿರುವಾಗಲೇ ಇದನ್ನು ಮಾಡಿ. ಮಿಡ್‌ನ ‘ಎಷ್ಟು’ ನಾಬನ್ನು 8 ಡೆಸಿಬಲ್‌ನಷ್ಟು ಏರಿಸಿ. ಈಗ ‘ಎಲ್ಲಿ’ ನಾಬನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲನೆ ತಿರುಗಿಸುತ್ತ ಹೋಗಿ. ನಿಮಗೆ ಬೇಡವಾಗಿದ್ದ ಗುಣ ಅಸಹ್ಯವಾಗುವಷ್ಟು ಎದ್ದು ಕೇಳಿದ ಕಡೆ ನಿಲ್ಲಿಸಿ. ನಂತರ ‘ಎಷ್ಟು’ ನಾಬನ್ನು ನಡುವಿಗೆ ತಂದು, ಅಲ್ಲಿಂದ 3–4 ಡೆಸಿಬಲ್ ಕೆಳಗಿಳಿಸಿ. ಇದನ್ನು ಮುಖ್ಯ ಸ್ಪೀಕರ್ ತೆರೆದಿಟ್ಟು ಮಾಡಿದರೆ ಏರಿಸಿದ 8 ಡೆಸಿಬಲ್ ಯಾವುದೋ ಒಂದು ಜಾಗದಲ್ಲಿ ಖಂಡಿತ ಊಳಿಡುತ್ತದೆ.

ಏರಿಸುವುದಕ್ಕಿಂತ ಇಳಿಸುವುದನ್ನು ಮೊದಲು ಯೋಚಿಸಿ. ‘ದನಿ ಸ್ಪಷ್ಟ ಇಲ್ಲ’ ಎಂದಾಗ ಟ್ರೆಬಲ್‌ನತ್ತ ಕೈಹೋಗುವುದು ಸಹಜ. ನಿಜವಾದ ಕಾರಣ ಬಹಳ ಸಲ 300 ಹರ್ಟ್ಸ್‌ನ ಮಂದ, ಅದನ್ನು 4 ಡೆಸಿಬಲ್ ತೆಗೆದರೆ ಅಕ್ಷರಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಏರಿಸಿದ ಪ್ರತಿ ಡೆಸಿಬಲ್ಲೂ ಫೀಡ್‌ಬ್ಯಾಕ್‌ಗೆ (ಸ್ಪೀಕರ್ ದನಿ ಮತ್ತೆ ಮೈಕ್ ಹೊಕ್ಕು ಊಳಿಡುವುದು) ಅಷ್ಟು ಹತ್ತಿರ ಒಯ್ಯುತ್ತದೆ. ಜೊತೆಗೆ, ಬೇಸನ್ನು 10–12 ಡೆಸಿಬಲ್ ಏರಿಸಿದರೆ ಗೇನ್‌ಗೆ ಸರಿಯಿದ್ದ ಸಿಗ್ನಲ್ ಇಕ್ಯೂ ದಾಟಿದ ಮೇಲೆ ಒಡೆಯಬಹುದು. ಆಗ ಗೇನನ್ನು ಅಷ್ಟು ತಗ್ಗಿಸಬೇಕು.

ಇಕ್ಯೂ ಇನ್ ಬಟನ್ ಇದ್ದರೆ ಮಾಡಿದ ಕೆಲಸವನ್ನು ಒತ್ತಿ, ಬಿಟ್ಟು ಹೋಲಿಸಿ. ಬಿಟ್ಟಾಗಲೇ ಚೆನ್ನಾಗಿ ಕೇಳಿದರೆ ನಾಬುಗಳನ್ನೆಲ್ಲ ನಡುವಿಗೆ ತನ್ನಿ. ಮತ್ತೊಂದು ಮಾತು: ಮೈಕನ್ನು ಎರಡು ಬೆರಳಷ್ಟು ಸರಿಸಿದರೆ ಆಗುವ ಬದಲಾವಣೆ ಎಷ್ಟೋ ಸಲ ಇಡೀ ಇಕ್ಯೂ ಮಾಡುವುದಕ್ಕಿಂತ ದೊಡ್ಡದು, ಮೇಲಾಗಿ ಅದರಿಂದ ಏನೂ ಕೆಡುವುದಿಲ್ಲ.

ಆಕ್ಸ್: ಅದೇ ದನಿಗೆ ಇನ್ನೊಂದು ದಾರಿ

ಆಕ್ಸ್ ನಾಬು ಚಾನಲ್‌ನ ದನಿಯ ಒಂದು ಪ್ರತಿಯನ್ನು ಬೇರೆ ಕಡೆ ಕಳಿಸುತ್ತದೆ. 1ನೇ ಆಕ್ಸ್ ಗಾಯಕಿಯ ಮುಂದಿನ ಮಾನಿಟರ್‌ಗೆ ಜೋಡಿಸಿದ್ದರೆ, ಪ್ರತಿ ಚಾನಲ್‌ನ 1ನೇ ಆಕ್ಸ್ ನಾಬು ‘ಈ ದನಿ ಆ ಮಾನಿಟರ್‌ಗೆ ಎಷ್ಟು’ ಎಂದು ಹೇಳುತ್ತದೆ. ಅಂದರೆ ಆಕ್ಸ್‌ಗಳ ಒಂದು ಅಡ್ಡಸಾಲು ಎಂದರೆ ಒಂದು ಪ್ರತ್ಯೇಕ ಮಿಕ್ಸ್.

ಕೇಳಬೇಕಾದ ಪ್ರಶ್ನೆ ಒಂದೇ: ಪ್ರತಿ ತೆಗೆಯುವುದು ಫೇಡರ್‌ಗಿಂತ ಮೊದಲೋ, ಆಮೇಲೋ?

ಮಾನಿಟರ್‌ಗೆ ಪ್ರೀ, ಅಂದರೆ ಫೇಡರ್‌ಗಿಂತ ಮೊದಲು. ಸಭೆಗೆಂದು ನೀವು ಫೇಡರ್ ಎಷ್ಟೇ ಏರಿಸಿ ಇಳಿಸಿದರೂ ಗಾಯಕಿಗೆ ತನ್ನ ದನಿ ಒಂದೇ ಸಮ ಕೇಳುತ್ತಿರಬೇಕು. ಇಲ್ಲಿ ಪೋಸ್ಟ್ ಇಟ್ಟರೆ, ಫೇಡರ್ ಏರಿಸಿದಾಗೆಲ್ಲ ಮಾನಿಟರ್ ಕೂಡ ಏರಿ ಕೂಗುತ್ತದೆ.

ರಿವರ್ಬ್, ಎಕೋಗಳಿಗೆ ಪೋಸ್ಟ್, ಅಂದರೆ ಫೇಡರ್ ಆದ ಮೇಲೆ. ಫೇಡರ್ ಇಳಿಸಿದಾಗ ಎಕೋ ಕೂಡ ಅಷ್ಟೇ ಇಳಿಯಬೇಕು. ಇಲ್ಲಿ ಪ್ರೀ ಇಟ್ಟರೆ ಫೇಡರ್ ಪೂರ್ತಿ ಕೆಳಗಿದ್ದರೂ ದೂರದ ಬಾವಿಯೊಳಗಿಂದ ಹಾಡಿದಂತೆ ಬರೀ ಎಕೋ ಕೇಳುತ್ತಲೇ ಇರುತ್ತದೆ. ಹೊರಗಿನ ಎಫೆಕ್ಟ್ ಯಂತ್ರದಲ್ಲಿ ಮಿಕ್ಸ್ ನಾಬು ಇದ್ದರೆ ಅದನ್ನು 100 ಪ್ರತಿಶತ ವೆಟ್ (ಮೂಲದನಿ ಇಲ್ಲದ ಬರೀ ಎಫೆಕ್ಟ್) ಮಾಡಿ. ಮೂಲದನಿ ಹೇಗೂ ಚಾನಲ್‌ನಿಂದ ಬರುತ್ತಿದೆ.

ಎಫೆಕ್ಟ್‌ನ ದನಿಯನ್ನು ಬೇರೊಂದು ಚಾನಲ್‌ಗೆ ತಂದಿದ್ದರೆ ಆ ಚಾನಲ್‌ನಲ್ಲಿ ಅದೇ ಆಕ್ಸ್ ನಾಬು ಸೊನ್ನೆಯಲ್ಲೇ ಇರಲಿ. ಏರಿಸಿದರೆ ಯಂತ್ರದಿಂದ ಬಂದದ್ದು ಮತ್ತೆ ಯಂತ್ರಕ್ಕೇ ಹೋಗಿ, ಸುತ್ತಿ ಸುತ್ತಿ ಉಬ್ಬಿ ಕಿರುಚುತ್ತದೆ.

ಹೆಚ್ಚಿನ ಮಿಕ್ಸರ್‌ಗಳಲ್ಲಿ ಪ್ರೀ ಆಕ್ಸ್ ಫೇಡರ್‌ಗಿಂತ ಮೊದಲಾದರೂ ಇಕ್ಯೂ ಆದ ಮೇಲೆ ಇರುತ್ತದೆ. ಹಾಗಿದ್ದಲ್ಲಿ ಸಭೆಗೆಂದು ಏರಿಸಿದ 3 ಕಿಲೋಹರ್ಟ್ಸ್ ಮಾನಿಟರ್‌ಗೂ ಹೋಗುತ್ತದೆ. ನಿಮ್ಮದು ಹೇಗೆ ಎಂದು ಬ್ಲಾಕ್ ಡಯಾಗ್ರಾಂ ನೋಡಿ ಖಚಿತ ಮಾಡಿಕೊಳ್ಳಿ.

ಮಾನಿಟರ್ ಕೂಗುತ್ತಿದ್ದರೆ ನಾಬಿಗಿಂತ ಮೊದಲು ಸ್ಪೀಕರ್ ಇಟ್ಟ ಜಾಗ ನೋಡಿ. ಮುಂದಿನಿಂದ ಹೆಚ್ಚು ಕೇಳುವ ಕಾರ್ಡಿಯಾಯ್ಡ್ ಮೈಕ್ ಅತಿ ಕಡಿಮೆ ಕೇಳುವುದು ನೇರ ಬೆನ್ನಹಿಂದೆ, ಹಾಗಾಗಿ ಮಾನಿಟರ್ ಮೈಕ್‌ನ ಬಾಲದ ನೇರಕ್ಕಿರಲಿ. ಇನ್ನೂ ಕಿರಿದಾಗಿ ಕೇಳುವ ಸೂಪರ್‌ಕಾರ್ಡಿಯಾಯ್ಡ್ ಆದರೆ ಅದರ ಕಿವುಡು ಜಾಗ ಮುಂಭಾಗದಿಂದ ಸುಮಾರು 125 ಡಿಗ್ರಿ ಪಕ್ಕಕ್ಕೆ; ಮಾನಿಟರ್ ತುಸು ಓರೆಗೆ ಸರಿಯಬೇಕು. ಮೈಕ್‌ನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಈ ಗುಣವೆಲ್ಲ ಕೆಟ್ಟು ಮೈಕ್ ಎಲ್ಲ ಕಡೆಯಿಂದ ಕೇಳತೊಡಗುತ್ತದೆ. ಹಾಡುವವರಿಗೆ ಇದನ್ನು ಮೊದಲೇ ತಿಳಿಸಿ.

ಪ್ಯಾನ್, ಅಸೈನ್, ಮ್ಯೂಟ್, ಪಿಎಫ್‌ಎಲ್

ಪ್ಯಾನ್ ದನಿಯನ್ನು ಎಡಬಲಕ್ಕೆ ಹಂಚುತ್ತದೆ. ಧ್ವನಿಮುದ್ರಣದಲ್ಲಿ ಧಾರಾಳವಾಗಿ ಬಳಸಿ. ಸಭಾಂಗಣದಲ್ಲಿ ಹುಷಾರು: ಒಂದು ವಾದ್ಯವನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಬಲಗಡೆ ಕೂತ ಜನರ ಪಾಲಿಗೆ ಅದು ಇಲ್ಲವೇ ಇಲ್ಲ. ಹಾಡು, ಮಾತು ಎರಡೂ ನಡುವೆಯೇ ಇರಲಿ.

ಫೇಡರ್ ಪಕ್ಕದ ‘ಎಲ್–ಆರ್’, ‘1–2’, ‘3–4’ ಬಟನ್‌ಗಳು ದನಿ ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳುತ್ತವೆ. ಎಲ್–ಆರ್ ಒತ್ತಿದರೆ ನೇರ ಮುಖ್ಯ ಫೇಡರ್‌ಗೆ. 1–2 ಒತ್ತಿದರೆ ಗುಂಪಿಗೆ. ಅಲ್ಲಿ ಪ್ಯಾನ್ ಎಡಕ್ಕಿದ್ದರೆ 1, ಬಲಕ್ಕಿದ್ದರೆ 2. ನಾಲ್ಕು ಕೋರಸ್ ಮೈಕ್‌ಗಳನ್ನು ಒಂದು ಗುಂಪಿಗೆ ಹಾಕಿದರೆ ಒಂದೇ ಫೇಡರ್‌ನಿಂದ ನಾಲ್ಕನ್ನೂ ಏರಿಳಿಸಬಹುದು. ಆದರೆ ಚಾನಲ್‌ನ ಎಲ್–ಆರ್ ಬಟನ್ ಕೂಡ ಒತ್ತಿಯೇ ಇದ್ದರೆ ದನಿ ಎರಡು ದಾರಿಯಲ್ಲಿ ಮುಖ್ಯ ಫೇಡರ್ ಸೇರುತ್ತದೆ: ಗುಂಪಿನ ಫೇಡರ್ ಪೂರ್ತಿ ಇಳಿಸಿದರೂ ಕೋರಸ್ ಕೇಳುತ್ತಲೇ ಇರುತ್ತದೆ.

ಮ್ಯೂಟ್ ಬಟನ್ ಹೆಚ್ಚಿನವುಗಳಲ್ಲಿ ಪ್ರೀ ಆಕ್ಸ್‌ಗಳನ್ನೂ ಸೇರಿಸಿ ಮುಚ್ಚುತ್ತದೆ, ಫೇಡರ್ ಇಳಿಸುವುದು ಹಾಗೆ ಮಾಡುವುದಿಲ್ಲ. ಬಳಸದ ಮೈಕ್‌ಗಳನ್ನು ಮ್ಯೂಟ್ ಮಾಡುವುದು ಬರೀ ಶಿಸ್ತಿನ ಮಾತಲ್ಲ. ತೆರೆದ ಮೈಕ್‌ಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಕೂಗು ಬರುವ ಮುನ್ನ ನಿಮಗೆ ಸಿಗುವ ಜಾಗ 3 ಡೆಸಿಬಲ್ ಕುಗ್ಗುತ್ತದೆ. ಎಂಟು ಮೈಕ್ ತೆರೆದಿಟ್ಟು ಒಬ್ಬರೇ ಹಾಡುತ್ತಿದ್ದರೆ 9 ಡೆಸಿಬಲ್ ಸುಮ್ಮನೆ ಕಳೆದುಕೊಂಡಂತೆ.

ಪಿಎಫ್‌ಎಲ್ ಫೇಡರ್‌ಗಿಂತ ಮೊದಲಿನ ದನಿಯನ್ನು ಹೆಡ್‌ಫೋನ್‌ಗೆ ತರುತ್ತದೆ, ಸಭೆಗೆ ಏನೂ ತಿಳಿಯುವುದಿಲ್ಲ. ‘ಸೋಲೋ ಇನ್ ಪ್ಲೇಸ್’ ಎಂಬುದು ಬೇರೆ. ಅದನ್ನು ಒತ್ತಿದರೆ ಉಳಿದ ಚಾನಲ್‌ಗಳೆಲ್ಲ ಮುಖ್ಯ ಸ್ಪೀಕರ್‌ನಲ್ಲೇ ನಿಂತುಹೋಗುತ್ತವೆ. ಕಾರ್ಯಕ್ರಮ ಶುರುವಾಗುವ ಮೊದಲು ನಿಮ್ಮ ಸೋಲೋ ಬಟನ್ ಯಾವ ಜಾತಿಯದು ಎಂದು ತಿಳಿದಿರಲೇಬೇಕು.

ಫೇಡರ್

ಫೇಡರ್ ಪಕ್ಕದ ಗುರುತುಗಳನ್ನು ಗಮನಿಸಿ ನೋಡಿ: ಮೇಲಿಂದ 10, 5, 0, 5, 10, 20, 30, 40, 60, ಕೊನೆಗೆ ಅನಂತದ ಗುರುತು. ಗುರುತುಗಳ ನಡುವಿನ ಜಾಗ ಹೆಚ್ಚುಕಡಿಮೆ ಸಮ, ಲೆಕ್ಕ ಸಮ ಅಲ್ಲ. 0 ಸುತ್ತ ಒಂದು ಬೆರಳಗಲ ಸರಿಸಿದರೆ 5 ಡೆಸಿಬಲ್ ಬದಲಾಗುತ್ತದೆ. ಕೆಳಗೆ 40–60ರ ನಡುವೆ ಅಷ್ಟೇ ಸರಿಸಿದರೆ 20 ಡೆಸಿಬಲ್. ಕೂದಲೆಳೆಯಷ್ಟು ಸರಿಸಿದರೂ ದನಿ ಜಿಗಿಯುತ್ತದೆ, ಇಲ್ಲವೇ ಮಾಯವಾಗುತ್ತದೆ. ಆದ್ದರಿಂದ ಕೆಲಸ ನಡೆಯಬೇಕಾದದ್ದು 0ಯ ಆಸುಪಾಸಿನಲ್ಲಿ.

ಮುಖ್ಯ ಫೇಡರನ್ನು 0ಗೆ ತನ್ನಿ. ಮ್ಯೂಟ್ ತೆಗೆಯಿರಿ. ಗಾಯಕಿಯ ಫೇಡರನ್ನು ಮೆಲ್ಲನೆ 0ಯತ್ತ ಒಯ್ಯಿರಿ. ಅಷ್ಟರೊಳಗೇ ಸಭಾಂಗಣಕ್ಕೆ ದನಿ ಜಾಸ್ತಿಯಾಗಿ ಎಲ್ಲ ಫೇಡರ್‌ಗಳೂ ಮೈನಸ್ 30ರಲ್ಲಿ ತೆವಳುತ್ತಿದ್ದರೆ ತಪ್ಪು ಮಿಕ್ಸರ್‌ನಲ್ಲಿಲ್ಲ, ಆಂಪ್ಲಿಫೈಯರ್ ಅಥವಾ ಸ್ಪೀಕರ್‌ನ ಹಿಂದಿನ ನಾಬು ಅತಿಯಾಗಿದೆ. ಅದನ್ನು ಇಳಿಸಿ, ಫೇಡರ್‌ಗಳನ್ನು ಅವುಗಳ ಜಾಗಕ್ಕೆ ಕರೆತನ್ನಿ. ಮೆದುವಾಗಿ ಕೇಳಬೇಕಾದ ಒಂದೆರಡು ವಾದ್ಯಗಳಿಗೆ ಮಾತ್ರ ಗೇನನ್ನೇ 5–6 ಡೆಸಿಬಲ್ ಕಡಿಮೆ ಇಟ್ಟು ಫೇಡರ್ 0 ಹತ್ತಿರ ಇರುವಂತೆ ಮಾಡಿಕೊಂಡರೆ ಅಡ್ಡಿಯಿಲ್ಲ.

ಹಾಡು ಕೇಳಿಸುತ್ತಿಲ್ಲ ಎಂದು ಹಾಡನ್ನೇ ಏರಿಸುವ ಮುನ್ನ ಅದನ್ನು ಮುಚ್ಚುತ್ತಿರುವ ವಾದ್ಯವನ್ನು 2–3 ಡೆಸಿಬಲ್ ಇಳಿಸಿ ನೋಡಿ. ಒಂದಾದ ಮೇಲೊಂದು ಏರಿಸುತ್ತ ಹೋದರೆ ಅರ್ಧ ಗಂಟೆಯಲ್ಲಿ ಎಲ್ಲ ಫೇಡರ್‌ಗಳೂ ತುದಿಯಲ್ಲಿರುತ್ತವೆ, ಮುಖ್ಯ ಮೀಟರ್ ಕೆಂಪಾಗಿರುತ್ತದೆ.

ದನಿ ಬರುತ್ತಿಲ್ಲ, ಈಗೇನು?

ಪಿಎಫ್‌ಎಲ್ ಒತ್ತಿ. ಇದು ದಾರಿಯನ್ನು ಎರಡು ತುಂಡು ಮಾಡಿ ತೋರಿಸುತ್ತದೆ.

ಪಿಎಫ್‌ಎಲ್‌ನಲ್ಲಿ ದನಿ ಇದೆ ಎಂದರೆ ಮೈಕ್, ಕೇಬಲ್, ಗೇನ್ ಎಲ್ಲ ಸರಿ ಇವೆ. ಕೆಳಗೆ ಹುಡುಕಿ: ಮ್ಯೂಟ್, ಫೇಡರ್, ಎಲ್–ಆರ್ ಬಟನ್, ಗುಂಪಿನ ಫೇಡರ್, ಮುಖ್ಯ ಫೇಡರ್, ಅಲ್ಲಿಂದ ಸ್ಪೀಕರ್‌ವರೆಗಿನ ಕೇಬಲ್.

ಪಿಎಫ್‌ಎಲ್‌ನಲ್ಲೂ ಇಲ್ಲ ಎಂದರೆ ಮೇಲೆ ಹುಡುಕಿ. ಮೈಕ್‌ನ ಮೈಮೇಲಿನ ಸ್ವಿಚ್, ಕಂಡೆನ್ಸರ್ ಆದರೆ 48 ವೋಲ್ಟ್, ಮೈಕ್–ಲೈನ್ ಬಟನ್, ಪ್ಯಾಡ್, ಗೇನ್, ಇನ್ಸರ್ಟ್‌ನಲ್ಲಿ ಯಾರಾದರೂ ಏನಾದರೂ ಚುಚ್ಚಿದ್ದಾರೆಯೇ. ಆಮೇಲೆ ಕೇಬಲ್ ಬದಲಿಸಿ. ಅದಾದ ಮೇಲೆ ಕೆಲಸ ಮಾಡುತ್ತಿರುವ ಬೇರೆ ಚಾನಲ್‌ಗೆ ಅದೇ ಮೈಕ್ ಹಾಕಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರನ್ನು ಒಟ್ಟಿಗೆ ಬದಲಿಸಿದರೆ ದನಿ ಬಂದರೂ ಕೆಟ್ಟದ್ದು ಯಾವುದು ಎಂದು ತಿಳಿಯುವುದಿಲ್ಲ.

ದನಿಯ ಜೊತೆ ಗುಂಯ್ ಎಂಬ ಸದ್ದು ಬರುತ್ತಿದ್ದು, ಅದು ಲ್ಯಾಪ್‌ಟಾಪ್ ಅಥವಾ ಕೀಬೋರ್ಡ್ ಚಾನಲ್ ತೆರೆದಾಗ ಮಾತ್ರ ಇದ್ದರೆ ಅದು ಗ್ರೌಂಡ್ ಲೂಪ್ (ಎರಡು ಯಂತ್ರಗಳ ಅರ್ತ್ ಎರಡು ದಾರಿಯಲ್ಲಿ ಕೂಡಿ ಆಗುವ ಸುತ್ತು). ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅನುಮಾನ ಖಚಿತ. ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ನಡುವೆ ಹಾಕಿ, ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ವಿದ್ಯುತ್ ಪ್ಲಗ್‌ನ ಅರ್ತ್ ಪಿನ್ ಕಿತ್ತುಹಾಕಿ ಗುಂಯ್ ನಿಲ್ಲಿಸುವವರಿದ್ದಾರೆ. ಅದನ್ನು ಎಂದೂ ಮಾಡಬೇಡಿ. ಲೋಹದ ಮೈಕ್ ತುಟಿಗಿಟ್ಟವರ ಜೀವಕ್ಕೆ ಅಪಾಯ.

ಫೇಡರ್ ಅಥವಾ ನಾಬು ಸರಿಸುವಾಗಷ್ಟೇ ಗರ್ ಗರ್ ಎಂದರೆ ಒಳಗೆ ಧೂಳು ಕೂತಿದೆ. ಸ್ಪೀಕರ್ ಆಫ್ ಮಾಡಿ ಅದನ್ನು ಇಪ್ಪತ್ತು ಮೂವತ್ತು ಸಲ ತುದಿಯಿಂದ ತುದಿಗೆ ಆಡಿಸಿ, ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಹೋಗದಿದ್ದರೆ ಫೇಡರ್‌ಗೆಂದೇ ಬರುವ ಕ್ಲೀನರ್ ಬಳಸಿ. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಹೊಡೆದರೆ ಅಂದು ಸರಿಯಾದಂತೆ ಕಂಡರೂ, ಆ ಜಿಡ್ಡಿಗೆ ಇನ್ನಷ್ಟು ಧೂಳು ಅಂಟಿ ಫೇಡರ್ ಬಿಗಿಯಾಗಿ, ಕೊನೆಗೆ ಬದಲಿಸಲೇಬೇಕಾಗುತ್ತದೆ.